ಗುಲ್ಮಾರ್ಗ್‌ನಲ್ಲಿ "ಹತ್ತೇ ದಿನದಲ್ಲಿ ಲೆವೆಲ್ ತ್ರೀ" ಅನ್ನೋರಿಗೆ ದುಡ್ಡು ಕಟ್ಬೇಡಿ

ಬರೀಲೋ ಬೇಡ್ವೋ ಅಂತ ಮೂರು ವಾರ ಸುಮ್ನಿದ್ದೆ. ನಾಚಿಕೆ ಆಗತ್ತೆ, ಆಫೀಸಲ್ಲಿ ಎಲ್ರಿಗೂ ಹೇಳ್ಕೊಂಡು ಹೋಗಿದ್ದೆ. ಆದ್ರೆ ಮೊನ್ನೆ ಚಿಕ್ಕಪ್ಪನ ಮಗ, ನಾನು ಸ್ಕೀಯಿಂಗ್ ಕಲಿಯೋಕೆ ದುಡ್ಡು ಕಟ್ಟಿದ್ದ ಇನ್‌ಸ್ಟಾ ಪೇಜಿನ ರೀಲ್ ಕಳ್ಸಿ "ಅಕ್ಕಾ, ನೀನು ಹೋಗಿದ್ದು ಇಲ್ಲಿಗೇ ಅಲ್ವಾ, ನಾನೂ ಬುಕ್ ಮಾಡ್ಲಾ?" ಅಂದ. ಹೊಟ್ಟೆ ಉರಿದೋಯ್ತು.

ನಮ್ ಕೊಡಗಿನ ಭವಾನಿ ತೆಕ್ಕಡ ಸ್ಕೀಯಿಂಗಲ್ಲಿ ಹೆಸರು ಮಾಡಿದ್ದು ನೋಡ್ದಾಗಿಂದ ನಂಗೆ ಈ ಆಸೆ. ಅವ್ರದ್ದು ಕ್ರಾಸ್ ಕಂಟ್ರಿ, ಅದೇ ಬೇರೆ, ಆದ್ರೂ ನಮ್ ಕಡೆ ಹುಡುಗಿ ಹಿಮದ ಮೇಲೆ ಹಾಗೆ ಹೋಗೋದು ಕಂಡ್ರೆ ಯಾರಿಗೆ ಆಸೆ ಆಗಲ್ಲ ಹೇಳಿ. ಇನ್‌ಸ್ಟಾದಲ್ಲಿ ಹುಡುಕ್ತಾ ಈ ಪೇಜ್ ಸಿಕ್ತು, "ಝೀರೋ ಟು ಆಫ್ ಪೀಸ್ಟ್ ಇನ್ ಟೆನ್ ಡೇಸ್". ಮೊದಲು ಬೇಬಿ ಸ್ಲೋಪ್, ಆಮೇಲೆ ಗೊಂಡೋಲಾ ಅನ್ನೋ ಕೇಬಲ್ ಕಾರಿನ ಮೊದಲ ಹಂತ, ಫೇಸ್ ಒನ್, ಹತ್ತಿ ಕೊಂಗ್ಡೂರಿ, ಕೊನೇಗೆ ಎರಡನೇ ಹಂತ, ಫೇಸ್ ಟು, ಅಫರ್ವತ್ ಬೆಟ್ಟದ ಮೇಲಿಂದ ಆಫ್ ಪೀಸ್ಟ್, ಅಂದ್ರೆ ಯಾರೂ ಮಟ್ಟ ಮಾಡದೇ ಇರೋ ಬಿದ್ದ ಹಿಮದಲ್ಲೇ ಇಳಿಯೋದು. ಮೂರು ಲೆವೆಲ್‌ಗೂ ಸೇರಿ 48,000, ಅರ್ಧ ಯುಪಿಐನಲ್ಲಿ ಅಡ್ವಾನ್ಸ್, ಅರ್ಧ ಅಲ್ಲಿ ಹೋದ್ಮೇಲೆ. ನಾನು ಕಟ್ಟಿದೆ. ಯಾರನ್ನೂ ಕೇಳ್ಲಿಲ್ಲ, ಕಟ್ಟಿದೆ.

ಮೊದಲ ಮೂರು ದಿನ ಪರ್ವಾಗಿಲ್ಲ. ಸ್ಕೀ ತುದಿ ಒಳಗೆ ತಿರುಗಿಸಿ ಬ್ರೇಕ್ ಹಾಕೋ ಸ್ನೋ ಪ್ಲೋ ಕಲ್ತೆ, ನಿಧಾನಕ್ಕೆ ತಿರುಗೋದು ಬಂತು, ಖುಷಿ ಆಗಿತ್ತು. ಆದ್ರೆ ದಿನಾ ಒಬ್ಬೊಬ್ಬ ಹೊಸ ಇನ್‌ಸ್ಟ್ರಕ್ಟರು. ನಿನ್ನೆ ನಾನು ಎಲ್ಲಿಗೆ ನಿಲ್ಸಿದ್ದೆ ಅಂತ ಇವತ್ತಿನವನಿಗೆ ಗೊತ್ತೇ ಇಲ್ಲ. ಎಡಕ್ಕೆ ತಿರುಗೋದು ಬರತ್ತೆ, ಬಲಕ್ಕೆ ಪ್ರತೀ ಸಲ ಬೀಳ್ತೀನಿ, ಅದನ್ನ ಯಾರೂ ಸರಿ ಮಾಡ್ಲೇ ಇಲ್ಲ. ನಾಲ್ಕನೇ ದಿನ "ಮೇಡಮ್, ಯು ಆರ್ ಇಂಟರ್‌ಮೀಡಿಯೆಟ್ ನೌ" ಅಂತ ಕೊಂಗ್ಡೂರಿಗೆ ಕರ್ಕೊಂಡೋದ್ರು. ಆರನೇ ದಿನ ಸಂಜೆ "ನೀವು ಆಫ್ ಪೀಸ್ಟ್‌ಗೆ ರೆಡಿ, ಗೈಡ್ ಫೀ 12,000 ಎಕ್ಸ್‌ಟ್ರಾ". ಅದು ಪ್ಯಾಕೇಜಲ್ಲಿ ಇತ್ತಲ್ವಾ ಅಂದ್ರೆ "ಟ್ರೈನಿಂಗ್ ಇತ್ತು ಮ್ಯಾಮ್, ಗೈಡ್ ಇರ್ಲಿಲ್ಲ". ಈಗ ಅರ್ಥ ಆಗತ್ತೆ ಯಾಕೆ ನನ್ನನ್ನ ಅಷ್ಟು ಬೇಗ ಪಾಸ್ ಮಾಡಿದ್ರು ಅಂತ. ಆವಾಗ ನಾನೇ ಚೆನ್ನಾಗಿ ಕಲ್ತಿದೀನಿ ಅಂದ್ಕೊಂಡೆ.

ಏಳನೇ ದಿನ. ಅಫರ್ವತ್ ಸ್ಟೇಷನ್ 3,900 ಮೀಟರ್ ಮೇಲಿದೆ, ಹೊರಗೆ ಕಾಲಿಟ್ರೆ ಉಸಿರೇ ಸಾಲಲ್ಲ. ಬೇರೆ ಗುಂಪೊಂದು ಒಬ್ರದ್ದೊಬ್ರು ಬೀಕನ್ ಚೆಕ್ ಮಾಡ್ತಾ ಇತ್ತು. ಬೀಕನ್ ಅಂದ್ರೆ ಎದೆಗೆ ಕಟ್ಕೊಳೋ ಸಣ್ಣ ರೇಡಿಯೋ, ಹಿಮಕುಸಿತದಲ್ಲಿ ಹೂತೋದ್ರೆ ಮಿಕ್ಕೋರು ಅದರ ಸಿಗ್ನಲ್ ಹಿಡ್ಕೊಂಡೇ ಹುಡುಕ್ಬೇಕು, 15 ನಿಮಿಷ ದಾಟಿದ್ರೆ ಬದುಕೋದು ತುಂಬಾ ಕಷ್ಟ. ಆ ಗುಂಪಿನ ವಯಸ್ಸಾದ ಕಾಶ್ಮೀರಿ ಗೈಡ್ ನನ್ ಕಡೆ ಅವ್ರ ಬೀಕನ್ ಹಿಡಿದು "ಬೇಟಾ, ನಿಂದು ಸಿಗ್ನಲ್ ಬರ್ತಿಲ್ವಲ್ಲ" ಅಂದ್ರು. ಜಾಕೆಟ್ ಬಿಚ್ಚಿ ಅವ್ರೇ ಬ್ಯಾಟರಿ ಮುಚ್ಚಳ ತೆಗೆದ್ರು. ಮೂರು ಸೆಲ್, ಮೂರರ ತುದೀಲೂ ಬಿಳೀ ಪುಡಿ ಕಟ್ಟಿತ್ತು, ಸ್ಪ್ರಿಂಗ್ ಹಸಿರಾಗಿತ್ತು. ಎಷ್ಟು ತಿಂಗಳಿಂದ ಯಾರೂ ತೆಗೆದೇ ನೋಡಿಲ್ಲ. ಅದನ್ನ ಎದೆ ಮೇಲೆ ಕಟ್ಕೊಂಡು ಗೊಂಡೋಲಾದಲ್ಲಿ ನಗ್ತಾ ಫೋಟೋ ತೆಗೆಸ್ಕೊಂಡು ಬಂದಿದ್ದೆ ನಾನು. ಕೈ ನಡುಗೋಕೆ ಶುರುವಾಯ್ತು.

ನನ್ ಇನ್‌ಸ್ಟ್ರಕ್ಟರ್‌ನ ಕೇಳಿದ್ರೆ "ಕುಛ್ ನಹೀ ಹೋಗಾ ಮೇಡಮ್, ಮೈ ಹೂಂ ನಾ". ಅವನ ಬ್ಯಾಗಲ್ಲಿ ಸಲಿಕೆ ಇಲ್ಲ, ಹಿಮಕ್ಕೆ ಚುಚ್ಚಿ ಹುಡುಕೋ ಪ್ರೋಬ್ ಕೋಲಿಲ್ಲ. ಅವನಿದ್ದು ಏನ್ ಮಾಡ್ತಾನೆ? ಆ ಹಿರಿಯರು ಬೇಡ ಬೇಡ ಅಂತಿದ್ರೂ ಇವನು "ಫಾಲೋ ಮೀ" ಅಂತ ಹೊರಟೇ ಹೋದ. ನಾನೂ ಹೊರಟೆ. ಅಲ್ಲೇ ನಿಲ್ಬೇಕಿತ್ತು, 60,000 ಕೊಟ್ಟಿದೀನಲ್ಲ ಅಂತ ಹೊರಟೆ.

ಕೆಳಗೆ ಮಟ್ಟ ಮಾಡಿದ ಇಳಿಜಾರಲ್ಲಿ ಹೊರಗಿನ ಕಾಲ ಮೇಲೆ ಭಾರ ಹಾಕು ಅಂತ ಕಲಿಸಿರ್ತಾರೆ, ಗಟ್ಟಿ ಹಿಮ, ಸ್ಕೀ ಅಂಚು ಕಚ್ಚತ್ತೆ. ಮೊಣಕಾಲುದ್ದ ಪೌಡರಲ್ಲಿ, ಅಂದ್ರೆ ಮೆತ್ತನೆ ಹೊಸ ಹಿಮದಲ್ಲಿ, ಹಾಗೆ ಮಾಡಿದ್ರೆ ಆ ಸ್ಕೀ ಒಳಗೆ ಮುಳುಗತ್ತೆ, ಇನ್ನೊಂದು ಮೇಲೇಳತ್ತೆ. ಎರಡೂ ಕಾಲಿಗೆ ಸಮ ಭಾರ ಕೊಡ್ಬೇಕು ಅನ್ನೋದನ್ನೇ ಯಾರೂ ಹೇಳಿಲ್ಲ ನಂಗೆ. ಸ್ನೋ ಪ್ಲೋ ಅಲ್ಲಿ ಕೆಲ್ಸಕ್ಕೇ ಬರಲ್ಲ. ಮೂರನೇ ತಿರುವಲ್ಲಿ, ಅದೇ ಬಲಗಡೆ ತಿರುವಲ್ಲಿ, ಬಿದ್ದೆ. ಒಂದು ಸ್ಕೀ ಬಿಚ್ಕೊಂಡು ಹಿಮದೊಳಗೆ ಹೋಯ್ತು, ಇನ್ನೊಂದು ಬಿಚ್ಕೊಳ್ಲೇ ಇಲ್ಲ, ಮಂಡಿ ತಿರುಚಿಕೊಳ್ತು. ಬಾಡಿಗೆ ಅಂಗಡೀಲಿ ಬೈಂಡಿಂಗ್, ಅಂದ್ರೆ ಬೂಟನ್ನ ಸ್ಕೀಗೆ ಹಿಡಿಸಿ ಬಿದ್ರೆ ಬಿಚ್ಕೊಳೋ ಕ್ಲಿಪ್, ಸೆಟ್ ಮಾಡೋವಾಗ ನನ್ ತೂಕ ಕೂಡ ಕೇಳಿರ್ಲಿಲ್ಲ.

ಇನ್‌ಸ್ಟ್ರಕ್ಟರ್ ಕೆಳಗೆಲ್ಲೋ. ಕೂಗಿದ್ರೆ ಕೇಳಲ್ಲ. ಸ್ಕೀ ಹುಡುಕಿಕೊಟ್ಟಿದ್ದು ಆ ಹಿರಿಯ ಗೈಡು, ತಮ್ಮ ಪ್ರೋಬಲ್ಲಿ ಚುಚ್ಚಿ ಚುಚ್ಚಿ. ಬೂಟಲ್ಲೇ ಹತ್ತಿಸ್ಕೊಂಡು ಸ್ಟೇಷನ್‌ಗೆ ವಾಪಸ್ ಬಿಟ್ರು, ದುಡ್ಡು ಕೊಡೋಕೋದ್ರೆ ಮುಟ್ಲಿಲ್ಲ. ಅಂಥೋರೂ ಅಲ್ಲಿದಾರೆ, ಅದನ್ನ ಹೇಳ್ಲೇಬೇಕು.

ರಾತ್ರಿ ಮಂಡಿ ಊದ್ಕೊಂಡು ಮಲಗಿದ್ದಾಗ ವಾಟ್ಸಾಪಲ್ಲಿ ಆ ಏಜೆಂಟ್‌ನ ಕೇಳ್ದೆ. ಬಂದ ಉತ್ತರ ನೋಡಿ. "ಬೀಕನ್ ಕಾಂಪ್ಲಿಮೆಂಟರಿ ಮ್ಯಾಮ್, ಅದಕ್ಕೆ ಚಾರ್ಜ್ ಮಾಡಿಲ್ಲ." ಆಮೇಲೆ "ಬೇರೆ ಗೆಸ್ಟ್ ಎಲ್ರೂ ಹ್ಯಾಪಿ." ಆಮೇಲೆ "ನಿಮ್ಮ ಫಿಟ್‌ನೆಸ್ ಇಶ್ಯೂ." ರೀಫಂಡ್ ಅಂದ ತಕ್ಷಣ ಒಂದು ಪಿಡಿಎಫ್ ಬಂತು. ತೆಗೆದ್ರೆ ಸರ್ಟಿಫಿಕೇಟು! ನನ್ ಹೆಸರು, "ಲೆವೆಲ್ ತ್ರೀ ಆಫ್ ಪೀಸ್ಟ್, ಸಕ್ಸೆಸ್‌ಫುಲಿ ಕಂಪ್ಲೀಟೆಡ್", ಕೆಳಗೆ ಹತ್ತನೇ ದಿನದ ತಾರೀಕು. ಅವತ್ತಿನ್ನೂ ಏಳನೇ ದಿನ! ಮೂರು ದಿನದ ಮುಂದಿನ ತಾರೀಕು ಹಾಕಿ, ಮೂರು ತಿರುವು ತಿರುಗಿದವಳಿಗೆ ಪಾಸ್ ಅಂತ ಕೊಟ್ಟಿದಾರೆ. ನಾಳೆ ಅದನ್ನ ತೋರಿಸಿ ನಾನು ಇನ್ನೆಲ್ಲೋ ಮೇಲೆ ಹತ್ತಿದ್ರೆ?

ಅದೇ ಅಫರ್ವತ್‌ನಲ್ಲಿ 2023ರ ಫೆಬ್ರವರಿ 1ಕ್ಕೆ ಹಿಮಕುಸಿತದಲ್ಲಿ ಪೋಲೆಂಡಿನ ಇಬ್ರು ಸ್ಕೀಯರ್‌ಗಳು ಸತ್ತಿದಾರೆ, 2024ರ ಫೆಬ್ರವರೀಲಿ ಗುಲ್ಮಾರ್ಗ್‌ನಲ್ಲೇ ರಷ್ಯಾದವರೊಬ್ರು. ಅವ್ರೆಲ್ಲ ನನ್ ಥರ ಏಳು ದಿನದವ್ರಲ್ಲ.

ಹೋಗೋರು ಹೋಗಿ, ಬೇಡ ಅನ್ನಲ್ಲ. ಮೂರು ಲೆವೆಲ್‌ಗೆ ಒಟ್ಟಿಗೆ ಕಟ್ಬೇಡಿ. ಸರ್ಕಾರಿ ಸಂಸ್ಥೆ ಐಐಎಸ್‌ಎಂ (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಕೀಯಿಂಗ್ ಅಂಡ್ ಮೌಂಟೆನಿಯರಿಂಗ್) ಗುಲ್ಮಾರ್ಗ್‌ನಲ್ಲೇ ಇದೆ, ಮೊದಲು ಅಲ್ಲಿ ವಿಚಾರಿಸಿ. ಕೊಂಗ್ಡೂರೀಲಿ ಎರಡೂ ಕಡೆ ಬೀಳದೆ ತಿರುಗಿ ನಿಲ್ಲೋಕೆ ಬರೋವರೆಗೂ ಯಾರು ಏನೇ ಹೇಳ್ಲಿ ಫೇಸ್ ಟು ಹತ್ತಬೇಡಿ. ಬೀಕನ್ ಕೈಗೆ ಕೊಟ್ಟ ತಕ್ಷಣ ಮುಚ್ಚಳ ತೆಗೆದು ನೋಡಿ, ಆನ್ ಮಾಡಿಸಿ, ಇನ್ನೊಂದು ಬೀಕನ್‌ಗೆ ಸಿಗತ್ತಾ ಅಂತ ಅಂಗಡೀಲೇ ಚೆಕ್ ಮಾಡಿಸಿ, ಮುಖ ಸಿಂಡರಿಸಿದ್ರೆ ಅಲ್ಲಿಂದ ಎದ್ದು ಬನ್ನಿ.

ಲಿಗಮೆಂಟ್ ಎಳೆದಿದೆ ಅಂತ ಡಾಕ್ಟ್ರು ಹೇಳಿದಾರೆ, ಫಿಸಿಯೋ ನಡೀತಿದೆ. ದುಡ್ಡು ಒಂದು ರೂಪಾಯಿ ಬಂದಿಲ್ಲ. ಗೊಂಡೋಲಾದಲ್ಲಿ ನಗ್ತಿದ್ದ ನನ್ ಫೋಟೋ ಇವತ್ತಿಗೂ ಆ ಪೇಜಲ್ಲಿದೆ, "ಅವರ್ ಲೆವೆಲ್ ತ್ರೀ ಸ್ಟೂಡೆಂಟ್ ಫ್ರಮ್ ಬೆಂಗಳೂರು" ಅಂತ. ತೆಗೀರಿ ಅಂತ ನಾಲ್ಕು ಸಲ ಮೆಸೇಜ್ ಹಾಕಿದೀನಿ. ನಾಲ್ಕಕ್ಕೂ ಬ್ಲೂ ಟಿಕ್ ಬಿದ್ದಿದೆ, ಫೋಟೋ ತೆಗ್ದಿಲ್ಲ.