ರಾತ್ರಿಯ ವೀರಗಾಸೆಯೆದುರು ಗೋಡಾಕ್ಸ್ ಟಿಟಿ685ಸಿ

ಈ ಫ್ಲ್ಯಾಶನ್ನು ನಾನು ಕೊಂಡದ್ದು ಮದುವೆ ಮನೆಗಳಿಗೆಂದು. ಆದರೆ ಕೊಟ್ಟ ಹಣ ಸಾರ್ಥಕವೆನಿಸಿದ್ದು ಕಡೂರು ತಾಲ್ಲೂಕಿನ ಹಳ್ಳಿಯೊಂದರ ಜಾತ್ರೆಯಲ್ಲಿ, ನಡುರಾತ್ರಿ ವೀರಗಾಸೆಯ ಮೇಳದೆದುರು ನಿಂತಾಗ.

ಮೊದಲ ವರ್ಷದ ಚಿತ್ರಗಳಲ್ಲಿ ಕುಣಿಯುವವರ ಮುಖ, ಎದೆಯ ಮೇಲಿನ ಹಿತ್ತಾಳೆಯ ಹಲಗೆ ಎಲ್ಲವೂ ಸ್ಪಷ್ಟವಾಗಿದ್ದರೂ, ಹಿಂದಿನ ಪಂಜುಗಳೂ ಜನರೂ ಕತ್ತಲಲ್ಲಿ ಮುಳುಗಿ, ಬೀಸಿದ ಕತ್ತಿ ಗೋಡೆಗೆ ತೂಗುಹಾಕಿದಂತೆ ನಿಶ್ಚಲವಾಗಿತ್ತು. ತಪ್ಪು ಉಪಕರಣದ್ದಲ್ಲ, ಕ್ಯಾಮೆರಾದೊಳಗೆ ಬೆಳಕು ಬಿಡುವ ಷಟರನ್ನು 1/200 ಸೆಕೆಂಡಿನಷ್ಟೇ ತೆರೆದಿಟ್ಟಿದ್ದ ನನ್ನದು. ಅರೆ ಶಕ್ತಿಗಿಂತ ಬಹಳ ಕೆಳಗೆ ಬಳಸುವಾಗ ಫ್ಲ್ಯಾಶ್ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಕಡಿಮೆ ಹೊತ್ತಿನಲ್ಲಿ ಹೊಳೆದು ಆರಿಹೋಗುವುದರಿಂದ, ಷಟರ್ ಎಷ್ಟು ನಿಧಾನವಾದರೂ ಅದರ ಬೆಳಕು ಹೆಚ್ಚುವುದಿಲ್ಲ. ಹೆಚ್ಚುವುದು ಪಂಜಿನ ಬೆಳಕು ಮಾತ್ರ. ಈ ವರ್ಷ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 800, ಲೆನ್ಸಿನ ತೆರಪು ಎಫ್/5.6, ಷಟರ್ 1/8 ಸೆಕೆಂಡ್, ಫ್ಲ್ಯಾಶ್ ಮ್ಯಾನ್ಯುಯಲ್‌ನಲ್ಲಿ, ಅಂದರೆ ಶಕ್ತಿಯನ್ನು ನಾವೇ ನಿಗದಿಪಡಿಸುವ ಬಗೆಯಲ್ಲಿ, ಪೂರ್ಣ ಶಕ್ತಿಯ 1/16 ಎಂದು ಇಟ್ಟುಕೊಂಡೆ. ಸುತ್ತಲಿನ ಬೆಳಕು ಒಂದು ಸ್ಟಾಪಿನಷ್ಟು, ಅಂದರೆ ಅರ್ಧದಷ್ಟು, ಕಡಿಮೆ ಬೀಳುವಂತೆ ನೋಡಿಕೊಳ್ಳಬೇಕು. ಇಲ್ಲವಾದರೆ ಕುಣಿಯುವವರ ಮೈಯೊಳಗಿಂದಲೇ ಹಿಂದಿನ ದೀಪಗಳು ಕಾಣುತ್ತವೆ.

ಕ್ಯಾನನ್ ಕ್ಯಾಮೆರಾಗಳಿಗೆಂದೇ ಇರುವ ಈ ಮಾದರಿಯಲ್ಲಿ ಷಟರ್ ಮುಚ್ಚುವ ಮುನ್ನ ಫ್ಲ್ಯಾಶ್ ಹೊಳೆಯುವ ಸೆಕೆಂಡ್ ಕರ್ಟನ್ ಸಿಂಕ್ ಅನ್ನು ಫ್ಲ್ಯಾಶ್ ಮೇಲಿನ ಸಿಂಕ್ ಗುಂಡಿಯಿಂದಲೇ ಆರಿಸಬಹುದು. ಕತ್ತಲಲ್ಲಿ ಕ್ಯಾಮೆರಾದ ಮೆನು ತಡಕುವ ಕಷ್ಟ ತಪ್ಪಿತು. ಷಟರ್ ತೆರೆದೊಡನೆ ಫ್ಲ್ಯಾಶ್ ಹೊಳೆದರೆ ಕತ್ತಿಯ ಬೆಳಕಿನ ಗೆರೆ ಅದರ ಮುಂದಕ್ಕೆ ಚಾಚಿ, ಕತ್ತಿಯೇ ಹಿಮ್ಮುಖವಾಗಿ ಬೀಸಿದಂತೆ ಕಾಣುತ್ತದೆ. ಮುಚ್ಚುವ ಮುನ್ನ ಹೊಳೆದರೆ ಗೆರೆ ಬೀಸಿನ ಹಿಂದೆ ಉಳಿಯುತ್ತದೆ. ಲೆನ್ಸಿನ ಮೂಲಕ ಬಂದ ಬೆಳಕನ್ನಳೆದು ಕ್ಯಾಮೆರಾವೇ ಫ್ಲ್ಯಾಶ್ ಶಕ್ತಿಯನ್ನು ನಿರ್ಧರಿಸುವ ಟಿಟಿಎಲ್‌ನಲ್ಲಿ ಒಂದು ಎಚ್ಚರಿಕೆ ಬೇಕು: ಅಳತೆಗೆಂದು ಮೊದಲೇ ಒಮ್ಮೆ ಮಿಂಚುವುದರಿಂದ, ಎದುರಿಗಿದ್ದವರು ಚಿತ್ರ ಮುಗಿಯಿತೆಂದು ಕದಲುತ್ತಾರೆ. ಮ್ಯಾನ್ಯುಯಲ್‌ನಲ್ಲಿ ಆ ತೊಡಕಿಲ್ಲ.

ಫ್ಲ್ಯಾಶಿನ ಬಲವನ್ನು ಹೇಳುವ ಗೈಡ್ ನಂಬರ್ 60 ಎಂಬ ಅಂಕಿ 200 ಎಂಎಂ ಝೂಮಿಗೆ, ಐಎಸ್‌ಒ 100ಕ್ಕೆ ಸೇರಿದ್ದು. ವೈಡ್ ಲೆನ್ಸಿಗೆ ಅಷ್ಟು ಸಿಗದು, ನಾಲ್ಕೈದು ಅಡಿಯ ದೂರಕ್ಕೆ ಬೇಕಾಗಿಯೂ ಇಲ್ಲ. ಪೂರ್ಣ ಶಕ್ತಿಯಲ್ಲಿ ಮರುಚಾರ್ಜಿಗೆ 2.6 ಸೆಕೆಂಡಿನವರೆಗೆ ಹಿಡಿಯಬಹುದು, 1/16ರಲ್ಲಿ ಕಾಯುವ ಪ್ರಸಂಗವೇ ಬರಲಿಲ್ಲ. ಪಂಜಿನ ಬಣ್ಣಕ್ಕೆ ಹೊಂದಲೆಂದು ಫ್ಲ್ಯಾಶಿಗೆ ಕಿತ್ತಳೆ ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಅಂಟಿಸಿದ್ದೆ. ಸಮಿತಿಯವರ ಹಸಿರು-ನೇರಳೆ ಎಲ್‌ಇಡಿ ಸರಗಳಿಗೆ ಮಾತ್ರ ಯಾವ ಜೆಲ್ಲೂ ಮದ್ದಲ್ಲ.

ನಾಲ್ಕು ಪೆನ್ಸಿಲ್ ಸೆಲ್ (ಎಎ) ಬೇಡುವುದರಿಂದ ಕ್ಯಾಮೆರಾದ ತಲೆ ತುಸು ಭಾರವಾಗುತ್ತದೆ. ಪೇಟೆಯಲ್ಲಿ ಕೊಂಡ ಅಗ್ಗದ ಸೆಲ್ಲುಗಳು ಮೇಳ ಕಾವೇರುವ ಮೊದಲೇ ಸೋತಿದ್ದವು. ಈಗ ಚಾರ್ಜ್ ಮಾಡಿದ, ನಾಲ್ಕು ನಾಲ್ಕರ ಎರಡು ಸೆಟ್ ಸೆಲ್ಲುಗಳಿಲ್ಲದೆ ಜಾತ್ರೆಗೆ ಹೊರಡುವುದಿಲ್ಲ.