ಭಾವನ ಬಾಸ್ ಗಿಟಾರ್‌ಗೆ ಮೂರು ವೈರಿಂಗ್: ನನ್ನ ಓಟು ಎಳೆಯುವ ನಾಬ್‌ಗೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪುಶ್-ಪುಲ್ ಪಾಟ್‌ಗೆ. ಪಾಟ್ ಅಂದರೆ ನಾಬ್‌ನ ಅಡಿ ಕೂತು ದನಿ ಏರಿಸಿ ಇಳಿಸುವ ಬಿಡಿಭಾಗ, ಪುಶ್-ಪುಲ್ ಅಂದರೆ ಅದನ್ನು ತಿರುಗಿಸುವುದಷ್ಟೇ ಅಲ್ಲ, ಎಳೆಯಲೂ ಒತ್ತಲೂ ಬರುತ್ತದೆ. ಉಳಿದ ಎರಡು ವೈರಿಂಗ್‌ಗಳನ್ನೂ ಹಾಕಿ, ನುಡಿಸಿ, ಬಿಚ್ಚಿಟ್ಟ ಮೇಲೆ ಹೇಳುತ್ತಿರುವ ಮಾತು ಇದು.

ಬಾಸ್ ನನ್ನದಲ್ಲ, ಭಾವನದು. ಫೆಂಡರ್ ಕಂಪನಿಯ ಜಾಝ್ ಬಾಸ್ ಮಾದರಿಯದು, ಏಷ್ಯಾದಲ್ಲಿ ತಯಾರಾದದ್ದು. ಕೆಲಸ ಸಿಕ್ಕಿ ಹೊರದೇಶಕ್ಕೆ ಹೊರಟಾಗ "ನುಡಿಸ್ಕೋ, ಆದ್ರೆ ನಾನು ಬಂದಾಗ ಹೀಗೇ ಇರ್ಬೇಕು ನೋಡು" ಅಂತ ಕೊಟ್ಟು ಹೋದರು. ಹಾಗಾಗಿ ಡ್ರಿಲ್ ಮುಟ್ಟುವಂತಿಲ್ಲ, ಮರ ಕೊರೆಯುವಂತಿಲ್ಲ, ಪಿಕಪ್‌ನ (ತಂತಿಯ ಕಂಪನ ಹಿಡಿದು ವಿದ್ಯುತ್ ಸಿಗ್ನಲ್ ಮಾಡುವ ಭಾಗ) ವೈರು ಕತ್ತರಿಸುವಂತಿಲ್ಲ.

ಆದರೆ ಇದ್ದ ಹಾಗೇ ನುಡಿಸಲೂ ಆಗುತ್ತಿರಲಿಲ್ಲ. ನಾವು ಜಾಸ್ತಿ ನುಡಿಸುವುದು ಗಣೇಶನ ಪೆಂಡಾಲ್‌ಗಳಲ್ಲಿ, ನವೆಂಬರ್ ಬಂದರೆ ರಾಜ್ಯೋತ್ಸವದ ಆರ್ಕೆಸ್ಟ್ರಾಗಳಲ್ಲಿ. ತಲೆ ಮೇಲೆ ಸೀರಿಯಲ್ ಸೆಟ್, ಹಿಂದೆ ಜನರೇಟರ್. ಜಾಝ್ ಬಾಸ್‌ನಲ್ಲಿ ಪಿಕಪ್ ಎರಡು, ಒಂದೊಂದಕ್ಕೂ ಒಂದು ವಾಲ್ಯೂಮ್. ಎರಡೂ ವಾಲ್ಯೂಮ್ ಪೂರ್ತಿ ತೆರೆದರೆ ಹಮ್ (ಕರೆಂಟಿನಿಂದ ಬರುವ ಗುಂಯ್ ಸದ್ದು) ಬರುವುದಿಲ್ಲ. ಒಂದು ಪಿಕಪ್‌ನ ತಂತಿಯ ಸುತ್ತು ಮತ್ತು ಅಯಸ್ಕಾಂತ ಇನ್ನೊಂದಕ್ಕೆ ಉಲ್ಟಾ ಇರುತ್ತವೆ, ಅದಕ್ಕೆ. ಆದರೆ ಆಗ ದನಿಯ ನಡುಭಾಗ ಸೊರಗುತ್ತದೆ. ಢೋಲಕ್, ಕೀಬೋರ್ಡ್ ಶುರುವಾದರೆ ಬಾಸ್ ಎಲ್ಲಿದೆ ಅಂತ ಹುಡುಕಬೇಕು. ಒಂದು ಪಿಕಪ್ ಇಳಿಸಿದರೆ ದನಿ ಮುಂದೆ ಬರುತ್ತದೆ, ಬೆನ್ನಿಗೇ ಗುಂಯ್ ಅನ್ನುವುದೂ ಬರುತ್ತದೆ.

ಎರಡು ಪಿಕಪ್‌ಗಳನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದು ಸರಪಳಿಯಂತೆ, ಜೋಡಿಸಿದರೆ ಇದಕ್ಕೆ ಮದ್ದು ಸಿಗುತ್ತದೆ. ದನಿ ಜೋರಾಗುತ್ತದೆ, ನಡುಭಾಗ ತುಂಬಿಕೊಳ್ಳುತ್ತದೆ, ಮೇಲಿನ ಮಿಣಮಿಣ ಸ್ವಲ್ಪ ಕಮ್ಮಿಯಾಗುತ್ತದೆ, ಹಮ್ ಮಾತ್ರ ಇಲ್ಲ. ಫೆಂಡರ್ ಕಂಪನಿಯೇ ತನ್ನ ಕೆಲವು ಜಾಝ್ ಬಾಸ್‌ಗಳಲ್ಲಿ ಎಸ್-1 ಅನ್ನುವ ಒತ್ತುವ ಸ್ವಿಚ್ಚಿನಿಂದ ಇದನ್ನು ಕೊಟ್ಟಿತ್ತು. ಪುಶ್-ಪುಲ್ ಪಾಟ್‌ನಲ್ಲಿ ಆ ಸ್ವಿಚ್ ಪಾಟ್‌ನ ಅಡಿಯಲ್ಲೇ ಇರುತ್ತದೆ. ನಾಬ್ ಎಳೆದರೆ ಸೀರೀಸ್, ಒತ್ತಿದರೆ ಹಳೇ ದನಿ.

ಇಷ್ಟು ತಿಳಿದದ್ದೇ ತಡ, ಆನ್‌ಲೈನ್‌ನಲ್ಲಿ ಪಾಟ್‌ಗಳ ರೆಡಿಮೇಡ್ ಸೆಟ್ ತರಿಸಿದೆ. ಬೆಸುಗೆ ಹಾಕಿಯೇ ಬಂದಿತ್ತು, 4,800 ರೂಪಾಯಿ. "ಎಲ್ಲ ಜಾಝ್ ಬಾಸ್‌ಗೂ ಹೊಂದುತ್ತದೆ" ಅಂತ ಬರೆದಿತ್ತು. ಹೊಂದಲಿಲ್ಲ.

ಅಮೆರಿಕನ್ ಅಳತೆಯ ಪಾಟ್‌ಗಳ ಕತ್ತು (ತೂತಿನೊಳಗೆ ಹೋಗುವ ಭಾಗ) 3/8 ಇಂಚು, ಅಂದರೆ ಸುಮಾರು 9.5 ಮಿ.ಮೀ. ಭಾವನ ಬಾಸ್‌ನ ಕಂಟ್ರೋಲ್ ಪ್ಲೇಟ್‌ನಲ್ಲಿರುವ ತೂತು 8 ಮಿ.ಮೀ. ಒಂದೂವರೆ ಮಿಲಿಮೀಟರ್ ವ್ಯತ್ಯಾಸ! ಮೂರೂ ಪಾಟ್‌ಗಳನ್ನು ಒಂದೊಂದಾಗಿ ತೂತಿಗೆ ಇಟ್ಟು ನೋಡಿದೆ, ಯಾವುದೋ ಒಂದಾದರೂ ಇಳಿದೀತು ಅನ್ನೋ ಆಸೆಯಿಂದ. ಅಂಗಡಿಗೆ ಫೋನ್ ಮಾಡಿದರೆ "ಒಂದು ರೀಮರ್ ಹಾಕಿಬಿಡಿ ಸರ್, ಎರಡು ನಿಮಿಷದ ಕೆಲಸ" ಅಂದರು. ತೂತು ದೊಡ್ಡದು ಮಾಡಿದ ಮೇಲೆ ಅದನ್ನು ಚಿಕ್ಕದು ಮಾಡುವ ರೀಮರ್ ಇದೆಯಾ ಅಂತ ಕೇಳಿದೆ. ನಕ್ಕರು. ವಾಪಸ್ ಮಾತ್ರ ತಗೊಳ್ಳಲಿಲ್ಲ, ಪ್ಯಾಕೆಟ್ ಒಡೆದಿದೆಯಂತೆ.

ಕೋಪ ಇಳಿದ ಮೇಲೆ ಕಂಡ ದಾರಿ ಬಹಳ ಸುಲಭದ್ದು. ಜಾಝ್ ಬಾಸ್‌ನ ಮೂರು ಪಾಟ್ ಮತ್ತು ಜ್ಯಾಕ್ ಎಲ್ಲ ಕೂತಿರುವುದು ಒಂದೇ ಲೋಹದ ಪ್ಲೇಟ್ ಮೇಲೆ. ಅದನ್ನು ಹಿಡಿದಿರುವುದು ಮೂರು ಸ್ಕ್ರೂ. ಹಾಗಿದ್ದ ಮೇಲೆ ಭಾವನ ಪ್ಲೇಟ್ ಮುಟ್ಟುವುದೇಕೆ? ಅದನ್ನು ಕಾಗದದ ಮೇಲಿಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಅದೇ ಅಳತೆಯ ಇನ್ನೊಂದು ಪ್ಲೇಟ್ ಹುಡುಕಿದೆ. 8 ಮಿ.ಮೀ. ಕತ್ತಿನ 250 ಕಿಲೋಓಮ್ ಪಾಟ್ ಎರಡು, ಪುಶ್-ಪುಲ್ ಒಂದು, ಒಂದು ಜ್ಯಾಕ್ ತರಿಸಿದೆ. ಕೆಪಾಸಿಟರ್, ಸೋಲ್ಡರ್, ವೈರು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಕ್ಕವು. ಎಲ್ಲ ಸೇರಿ 1,600 ರೂಪಾಯಿ ದಾಟಲಿಲ್ಲ. ಪುಶ್-ಪುಲ್ ಉದ್ದ ಜಾಸ್ತಿ, ಹಾಗಾಗಿ ಮೊದಲೇ ಬೆಂಕಿಕಡ್ಡಿ ಇಳಿಸಿ ಮರದ ಗುಂಡಿಯ ಆಳ ನೋಡಿಕೊಂಡಿದ್ದೆ.

ಪಿಕಪ್‌ಗಳಿಂದ ಬರುವ ನಾಲ್ಕು ತಂತಿ, ಬ್ರಿಡ್ಜ್‌ನಿಂದ (ಬಾಸ್‌ನ ತಂತಿಗಳು ಕೂರುವ ಲೋಹದ ಭಾಗ) ಬರುವ ಒಂದು ಗ್ರೌಂಡ್ ತಂತಿ, ಇಷ್ಟನ್ನೇ ಹಳೇ ಪ್ಲೇಟ್‌ನಿಂದ ಬಿಡಿಸಬೇಕು. ಮೊದಲು ಫೋಟೋ ತೆಗೆದೆ, ಒಂದೊಂದು ತಂತಿಗೂ ಟೇಪ್ ಅಂಟಿಸಿ ಹೆಸರು ಬರೆದೆ. ಆಮೇಲೆ ಎಲೆಕ್ಟ್ರಿಷಿಯನ್‌ಗಳು ಫ್ಯಾನಿಗೆ ಹಾಕುತ್ತಾರಲ್ಲ, ಆ ಸ್ಕ್ರೂ ಕನೆಕ್ಟರ್‌ನಲ್ಲೇ ಚಿಕ್ಕ ಸೈಜಿನದು ಹಾಕಿದೆ. ಈಗ ಪ್ಲೇಟ್ ಬದಲಾಯಿಸಲು ಸೋಲ್ಡರಿಂಗ್ ಐರನ್ ಬಿಸಿ ಮಾಡುವುದೇ ಬೇಡ. ಉಳಿದ ಎರಡು ವೈರಿಂಗ್ ನೋಡುವ ಧೈರ್ಯ ಬಂದದ್ದೂ ಇದರಿಂದಲೇ.

ಎರಡನೆಯದು ಬ್ಲೆಂಡ್. ಎರಡು ವಾಲ್ಯೂಮ್ ಬದಲು ಒಂದು ವಾಲ್ಯೂಮ್, ಪಿಕಪ್‌ಗಳ ನಡುವೆ ಹೊರಳುವ ಒಂದು ಬ್ಲೆಂಡ್ ಪಾಟ್, ಒಂದು ಟೋನ್. ಬ್ಲೆಂಡ್ ನಡುವಿಗೆ ಬಂದಾಗ ಬೆರಳಿಗೆ ಟಕ್ ಅನ್ನುತ್ತದೆ, ಅಲ್ಲಿ ಎರಡೂ ಪೂರ್ತಿ. ಹಾಡುಗಳ ನಡುವೆ ನಿರೂಪಕರು ಮಾತಿಗಿಳಿದಾಗ ಒಂದೇ ನಾಬ್ ತಿರುಗಿಸಿ ಸುಮ್ನೆ ನಿಲ್ಲಬಹುದು, ಅದು ನಿಜಕ್ಕೂ ಹಿತ. ಆದರೆ ನಡುವಿನಿಂದ ಸ್ವಲ್ಪ ಸರಿಸಿದರೂ ಮತ್ತೆ ಅದೇ ಗುಂಯ್. ನನ್ನ ರೋಗಕ್ಕೆ ಇದು ಮದ್ದಲ್ಲ. ಮನೆಯಲ್ಲೋ ಸ್ಟುಡಿಯೋದಲ್ಲೋ ನುಡಿಸುವವರಿಗೆ ಇದೇ ಸರಿ ಅನ್ನಿಸಬಹುದು.

ಮೂರನೆಯದು ಗೆಳೆಯನಿಂದ ಎರವಲು ತಂದ ಜೋಡಿ ನಾಬ್ ಪ್ಲೇಟ್. 1960ರಲ್ಲಿ ಜಾಝ್ ಬಾಸ್ ಬಂದಾಗ ಹೀಗೇ ಇತ್ತು. ಒಂದರ ಮೇಲೊಂದು ಕೂತ ನಾಬ್‌ಗಳು, ಪ್ರತಿ ಪಿಕಪ್‌ಗೂ ಅದರದೇ ವಾಲ್ಯೂಮ್, ಅದರದೇ ಟೋನ್. 1962ರ ಹೊತ್ತಿಗೆ ಫೆಂಡರ್ ಮೂರು ನಾಬ್‌ಗೆ ಬಂತು. ನೋಡಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಬೆವರಿದ ಕೈಯಲ್ಲಿ ಮೇಲಿನದು ತಿರುಗಿಸಲು ಹೋದರೆ ಕೆಳಗಿನದೂ ಜೊತೆಗೇ ಬರುತ್ತದೆ. ಒಂದು ಸ್ಕ್ರೂ ತೂತು ಬೇರೆ ಕೂರಲಿಲ್ಲ. ಎರಡೇ ದಿನಕ್ಕೆ ವಾಪಸ್ ಕೊಟ್ಟೆ.

ಪ್ರಿಆಂಪ್ (ಬ್ಯಾಟರಿಯಿಂದ ಸಿಗ್ನಲ್ ಏರಿಸುವ ಸರ್ಕ್ಯೂಟ್) ಯಾಕೆ ಹಾಕಲಿಲ್ಲ ಅಂದರೆ, 9 ವೋಲ್ಟ್ ಬ್ಯಾಟರಿ ಇಡಲು ಈ ಬಾಸ್‌ನಲ್ಲಿ ಜಾಗವಿಲ್ಲ, ಮರ ಕೊರೆಯಬೇಕು. ಟೋನ್ ಪಾಟ್‌ನ ಕೆಪಾಸಿಟರ್ ಬದಲಿಸುವ ಆಟವನ್ನು ಕ್ರೊಕೊಡೈಲ್ ಕ್ಲಿಪ್ ಹಾಕಿ ಆಡಿ ನೋಡಿದೆ. 0.047ರ ಜಾಗದಲ್ಲಿ 0.1 ಮೈಕ್ರೋಫ್ಯಾರಡ್ ಇಟ್ಟರೆ ಟೋನ್ ಇಳಿಸಿದಾಗ ದನಿ ಇನ್ನೂ ಮಂಕು. ನಾನು ಟೋನ್ ಇಳಿಸುವುದೇ ಅಪರೂಪ.

ಪುಶ್-ಪುಲ್‌ಗೂ ಕೊರತೆ ಇದೆ. ನಾನು ಹಾಕಿದ ವೈರಿಂಗ್‌ನಲ್ಲಿ ಎಳೆದಾಗ ಒಂದು ವಾಲ್ಯೂಮ್ ಎರಡೂ ಪಿಕಪ್‌ಗೆ ಲೆಕ್ಕ, ಇನ್ನೊಂದು ಬರೀ ಅಲಂಕಾರ. ದನಿ ಏರುವುದರಿಂದ ಮೊದಲ ಸಲ ಸೌಂಡಿನವರು ಬೆಚ್ಚಿ ನನ್ನ ಕಡೆ ತಿರುಗಿದರು. ಭಾವನ ನಾಬ್‌ಗಳಿಗೆ ಬಿಗಿಯುವ ಸ್ಕ್ರೂ ಇಲ್ಲ, ಸುಮ್ನೆ ಒತ್ತಿ ಕೂರಿಸುವಂಥವು. ಒಂದು ಹಾಡಿನ ನಡುವೆ ಎಳೆದಾಗ ನಾಬ್ ಕೈಗೇ ಬಂತು! ಜೇಬಿಗೆ ಹಾಕಿಕೊಂಡು ಹಾಡು ಮುಗಿಸಿದೆ. ಈಗ ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪ್ ಎರಡು ಸುತ್ತು ಹಾಕಿದ್ದೇನೆ, ಗಟ್ಟಿಯಾಗಿದೆ.

ಹಳೇ ಪ್ಲೇಟ್ ಐಸ್‌ಕ್ರೀಮ್ ಡಬ್ಬಿಯಲ್ಲಿ ಭದ್ರವಾಗಿದೆ, ಮೇಲೆ ಭಾವನ ಹೆಸರು ಬರೆದಿಟ್ಟಿದ್ದೇನೆ. ಆ 4,800ರ ಸೆಟ್ ಇನ್ನೂ ಡ್ರಾಯರ್‌ನಲ್ಲೇ ಇದೆ. ಯಾರಿಗಾದರೂ ಅರ್ಧ ಬೆಲೆಗೆ ಕೊಡುತ್ತೇನೆ, ಆದರೆ ಕೇಳುವ ಮೊದಲು ನಿಮ್ಮ ಪ್ಲೇಟ್‌ನ ತೂತಿಗೆ ಸ್ಕೇಲ್ ಇಟ್ಟು ನೋಡಿ.