ಫಿಶ್ ಬ್ಯಾಂಡ್, ಬೆಳಿಗ್ಗೆ ಬೆಳಿಗ್ಗೆ ತುಮಕೂರಿನಲ್ಲಿ

ಲಾಸ್ ವೇಗಸ್‌ನಲ್ಲಿ ರಾತ್ರಿ, ನಮ್ಮ ತುಮಕೂರಿನಲ್ಲಿ ಬೆಳಿಗ್ಗೆ. ತಟ್ಟೆ ಇಡ್ಲಿ ಮುಂದಿಟ್ಟುಕೊಂಡೇ ಅಮೆರಿಕದ ರಾಕ್ ತಂಡ ಫಿಶ್ ಬ್ಯಾಂಡಿನ ಕಾರ್ಯಕ್ರಮದ ನೇರಪ್ರಸಾರ ನೋಡಿದೆ. 2024ರ ಏಪ್ರಿಲ್‌ನಲ್ಲಿ ಅಲ್ಲಿನ, ಒಳಗೆಲ್ಲ ಪರದೆಯೇ ಕವಿದಿರುವ ಗೋಳಾಕಾರದ ಸಭಾಂಗಣ ಸ್ಫಿಯರ್‌ನಲ್ಲಿ ನಾಲ್ಕು ರಾತ್ರಿ ನುಡಿಸಿದರು. ಒಂದು ಹಾಡೂ ಎರಡನೇ ಸಲ ಬರಲಿಲ್ಲ! ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ನನಗೆ ಹೊಟ್ಟೆಕಿಚ್ಚಾಯಿತು. ನಮ್ಮದು ಊರೂರಿಗೂ ಅದೇ ಪಟ್ಟಿ, ಅಲ್ವಾ.

ಪರದೆಯ ಚಿತ್ರಗಳು ಸುಮ್ನೆ ಸಿನಿಮಾ ತರಹ ಓಡುವುದಿಲ್ಲ. ಟ್ರೇ ಅನಸ್ಟೇಸಿಯೊ ಗಿಟಾರಿನಲ್ಲಿ ಮನೋಧರ್ಮ ಬೆಳೆಸಿದಷ್ಟೂ ತಲೆಯ ಮೇಲೆಲ್ಲ ಕವಿದ ಪರದೆಯೂ ಜೊತೆಗೆ ಬದಲಾಗುತ್ತದೆ. ಅದು ನಿಜಕ್ಕೂ ಸೊಗಸು. ಕೆಲವು ಕಡೆ ಬಣ್ಣ ಜಾಸ್ತಿಯಾಗಿ ಡ್ರಮ್ಸ್ ಕಡೆ ಗಮನವೇ ಹೋಗಲಿಲ್ಲ. ಅಷ್ಟು ಸ್ಪಷ್ಟವಾದ 16ಕೆ ಪರದೆಯ ಗಮ್ಮತ್ತು ಮನೆ ಟಿವಿಯಲ್ಲಿ ಸಿಗುವುದಿಲ್ಲ ಬಿಡಿ. ಹೆಡ್‌ಫೋನ್ ಮಾತ್ರ ಮರೆಯಬೇಡಿ, ತಂಡದ ಮೈಕ್ ಗಾರ್ಡನ್ ನುಡಿಸುವ ಬೇಸ್ ಗಿಟಾರ್ ಟಿವಿ ಸ್ಪೀಕರಿನಲ್ಲಿ ಕೇಳಿಸುವುದೇ ಇಲ್ಲ.